ಉಚಿತವಾಗಿ ಬಂದ ಸೀಟ್ ಕವರ್

ನಾನು ಕೆಲಸ ಬಿಡುವುದಕ್ಕೆ ಇನ್ನೊಂದೇ ವರ್ಷ ಬಾಕಿ ಇದ್ದಾಗಿನ ಮಾತು ಇದು, ತೀರ ಈಚಿನದೇ. ಅಪಘಾತವಾದ ವಾಹನಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಕೊಡುವ ಮೋಟಾರ್ ಸರ್ವೇಯರ್ ಆಗಿದ್ದೆ. ಯಾವ ಭಾಗ ಮುರಿದಿದೆ, ಯಾಕೆ ಮುರಿದಿದೆ, ರಿಪೇರಿಯಾಗುತ್ತದೋ ಬದಲಿಸಬೇಕೋ ಎಂದು ಹೇಳುವುದು ಸರ್ವೇಯರ್ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಓದುವಾಗ ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ತಲೆ ನರೆತ ಮೇಲೂ ಗ್ಯಾರೇಜಿಗೆ ಕಾಲಿಟ್ಟರೆ "ಸರ್ವೇಯರ್ ಸಾಹೇಬ್ರು ಬರ್ಲಿಲ್ವಾ?" ಎಂದು ನನ್ನ ಬೆನ್ನ ಹಿಂದೆ ಇಣುಕುವವರಿದ್ದರು. ಆ ಸಿಟ್ಟನ್ನು ಎಂದೋ ನುಂಗಿಕೊಂಡಿದ್ದೇನೆ. ಈಗ ಹೇಳಹೊರಟಿರುವ ಸಿಟ್ಟು ಮಾತ್ರ ಇನ್ನೂ ಗಂಟಲಲ್ಲೇ ಇದೆ.

ಆಗ ನಮ್ಮ ಕಡೆ ಒಂದು ಮಧ್ಯಮ ಗಾತ್ರದ ಸೆಡಾನ್ ಕಾರಿಗೆ ಬಹಳ ಬೇಡಿಕೆ ಇತ್ತು. ಕಂಪನಿಯ ಹೆಸರು ಬೇಡ. ಮನೆಮಂದಿಗೆ ಹೇಳಿ ಮಾಡಿಸಿದಂಥ ಕಾರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು, ಮದುವೆಗೆ ಹೊರಟವರ ಗಂಟುಮೂಟೆಯೆಲ್ಲ ಡಿಕ್ಕಿಯಲ್ಲಿ ಹಿಡಿಯುತ್ತದೆ, ಹೆದ್ದಾರಿಯಲ್ಲಿ ಎಷ್ಟು ಓಡಿದರೂ ಮೈ ನಡುಗುವುದಿಲ್ಲ. ಇನ್ನು ದೋಷಕ್ಕೆ ಬಂದರೆ, ಹೊಟ್ಟೆ ತಗ್ಗು. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವಾಗ ಯಾರ್ಯಾರೋ ಮನಸ್ಸಿಗೆ ಬಂದಂತೆ ಹಾಕಿದ ಹಂಪುಗಳು ಕಾರಿನ ತಳ ಕೆರೆಯುತ್ತವೆ. ಮೊಣಕಾಲು ನೋವಿದ್ದವರು ಬಾಗಿಲು ಹಿಡಿದುಕೊಂಡೇ ಏಳಬೇಕು. ಒಳಗಿನ ಸೀಟು ಹಾಲಿನ ಬಣ್ಣದ್ದು, ನಮ್ಮ ಧೂಳಿಗೆ ಒಂದು ವಾರವೂ ತಡೆಯುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಗುಣ ಅದರ ಆರು ಏರ್‌ಬ್ಯಾಗ್. ಮುಂದೆ ಎರಡು, ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವವು ಎರಡು, ಮುಂದಿನ ಸೀಟುಗಳ ಪಕ್ಕೆಯೊಳಗೆ ಮಡಿಸಿಟ್ಟವು ಎರಡು. ಬಾಗಿಲಿಗೆ ಯಾರಾದರೂ ಗುದ್ದಿದರೆ ಸೀಟಿನ ಅಂಚಿನ ಹೊಲಿಗೆ ಹರಿದು ಆ ಚೀಲ ಚಿಮ್ಮಿ, ಕೂತವರ ಪಕ್ಕೆಲುಬಿಗೂ ಬಾಗಿಲಿಗೂ ನಡುವೆ ದಿಂಬಾಗಿ ನಿಲ್ಲಬೇಕು. ಆ ಹೊಲಿಗೆಯನ್ನು ಬೇಕೆಂದೇ ದುರ್ಬಲವಾಗಿ ಹೊಲಿದಿರುತ್ತಾರೆ. ನನ್ನನ್ನು ಕಾರಿನ ಬಗ್ಗೆ ವಿಚಾರಿಸಿದವರೆಲ್ಲ ಕೇಳುತ್ತಿದ್ದುದು "ಮೈಲೇಜ್ ಎಷ್ಟು ಕೊಡ್ತೈತೆ ಮೇಡಂ?" ಎಂದಷ್ಟೇ. ಪಕ್ಕದಿಂದ ಗುದ್ದಿದರೆ ಏನಾಗುತ್ತದೆ ಎಂದು ಒಬ್ಬರಾದರೂ ಕೇಳಿದ್ದು ನೆನಪಿಲ್ಲ.

ಬಸವಾಪಟ್ಟಣದ ಗಂಗಮ್ಮ ಈ ಕಾರನ್ನು ಕೊಂಡಿದ್ದರು. ಅವರದು ಸೀರೆ ಅಂಗಡಿ. ಮಗಳು ಶಿಲ್ಪಾ ನ್ಯಾಮತಿಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಬಸ್ಸಿನಲ್ಲಿ ನಿಂತು ನಿಂತು ಸೊರಗುತ್ತಾಳೆ ಎಂದು ಗಂಗಮ್ಮ ಮಗಳಿಗಾಗಿಯೇ ಕಾರು ತೆಗೆದರು. ಒಂದು ಸಂಜೆ ಶಿಲ್ಪಾ ಮನೆಗೆ ಬರುವಾಗ, ಹೊನ್ನಾಳಿ ದಾಟಿದ ಮೇಲೆ, ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಹೊಲದ ದಾರಿಯಿಂದ ಒಮ್ಮೆಲೇ ರಸ್ತೆಗೆ ನುಗ್ಗಿ ಅವಳ ಬಾಗಿಲಿಗೇ ಗುದ್ದಿತು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿಕೊಂಡಿತು. ಜೀವ ಉಳಿಯಿತು.

ಕಾರನ್ನು ಎಳೆದು ತಂದು, ಮಾರಿದ ಶೋರೂಮಿನ ವರ್ಕ್‌ಶಾಪಿನಲ್ಲೇ ನಿಲ್ಲಿಸಿದ್ದರು. ನಾನು ಹೋದ ದಿನ ಗಂಗಮ್ಮನೂ ಬಂದಿದ್ದರು, ಕಾರು ಅವರ ಹೆಸರಿನಲ್ಲಿತ್ತು. ನಾನು ಬಾಗಿಲು ಕಳಚಿಸಿ ನೋಡಿದೆ. ಒಳಗಿನ ಉಕ್ಕಿನ ಅಡ್ಡಪಟ್ಟಿ ಬಾಗಿತ್ತು, ತುಂಡಾಗಿರಲಿಲ್ಲ. ಬೆಲ್ಟ್ ಗಟ್ಟಿಯಾಗಿ ಹಿಡಿದಿತ್ತು. ಕಿಟಕಿಯ ಪರದೆ ಚೀಲ ಇಳಿದು ತಲೆ ಕಾಪಾಡಿತ್ತು. ಕಾರು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಆದರೆ ಸೀಟಿನ ಪಕ್ಕೆಯ ಚೀಲ ಎಲ್ಲೂ ಕಾಣಲಿಲ್ಲ. ಸೀಟಿಗೆ ಬಿಗಿಯಾಗಿ ತೊಡಿಸಿದ ಕಂದು ರೆಕ್ಸಿನ್ ಕವರಿನ ಒಂದು ಬದಿ ಉಬ್ಬಿತ್ತು. ಬ್ಲೇಡಿನಲ್ಲಿ ಸೀಳಿದೆ. ಚೀಲ ಒಳಗೇ ಅರಳಿ, ಹೊರಬರಲು ದಾರಿ ಸಿಗದೆ, ಅಲ್ಲೇ ಮುದುರಿ ಬಿದ್ದಿತ್ತು. ಕವರಿಗೆ ಎರಡೆರಡು ಹೊಲಿಗೆ ಹಾಕಿದ್ದರು. ಅದರ ಬೆನ್ನಿನ ಮೇಲೆ ಅದೇ ಶೋರೂಮಿನ ಹೆಸರು ದಪ್ಪಕ್ಷರದಲ್ಲಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಇಸ್ತ್ರಿ ಹಾಕಿದ ಅಂಗಿ, ಮುಖದ ತುಂಬ ನಗು. "ಮೇಡಂ, ರಿಪೋರ್ಟಲ್ಲಿ 'ಮಾಲೀಕರು ಮಾಡಿಸಿಕೊಂಡ ಬದಲಾವಣೆ' ಅಂತ ಒಂದು ಮಾತು ಬರೀರಿ, ಸಾಕು" ಎಂದ. ಆಮೇಲೆ ಗಂಗಮ್ಮನ ಕಡೆ ತಿರುಗಿ, "ನೀವೇ ಅಲ್ವಾ ಅಮ್ಮ, ಕವರ್ ಬೇಕು ಅಂತ ಕೇಳಿದ್ದು?" ಎಂದ.

"ಹೂನ್ರೀ, ನಾನೇ" ಎಂದರು ಗಂಗಮ್ಮ, ತಲೆ ಎತ್ತದೆ. "ಹಾಲಿನ ಬಣ್ಣದ ಸೀಟು, ಹೊಲಸಾಗ್ತೈತೆ ಅಂದೆ. ಯಾಕವ್ವ, ಚೆಂದ ಐತೆ, ಹಂಗೇ ಇರ್ಲಿ ಅಂದಿದ್ಲು ಶಿಲ್ಪಾ. ನಾನೇ ಕೇಳ್ಲಿಲ್ಲ. ಇವ್ರು ಸೇಬು ತಗೊಂಡು ಆಸ್ಪತ್ರೆಗೆ ಬಂದು, ನನ್ನ ಪಕ್ಕಕ್ಕೆ ಕರ್ದು ಹೇಳಿದ್ಮ್ಯಾಲೇ ನಂಗೆ ಗೊತ್ತಾಗಿದ್ದು ರೀ, ಅವಳ ಪಕ್ಕೆ ಮುರ್ದಿದ್ದು ನನ್ನಿಂದ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯ ಸೇಬಿನ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಮಗಳ ಮೂಗಿಗೆ ಆಕ್ಸಿಜನ್ ಕೊಳವೆ ಇರುವಾಗ, ತಾಯಿಯನ್ನು ಪಕ್ಕಕ್ಕೆ ಕರೆದು ತಪ್ಪನ್ನು ಅವರ ಸೆರಗಿಗೆ ಕಟ್ಟಿ ಬಂದಿದ್ದ. ಸೀರೆಯ ಮೇಲೆ ಧೂಳು ಕೂರದಂತೆ ನೋಡಿಕೊಂಡೇ ಜೀವನ ಸಾಗಿಸಿದ ಹೆಂಗಸು ಸೀಟಿಗೂ ಹೊದಿಕೆ ಕೇಳಿದ್ದು ಸಹಜ. ನಮ್ಮಲ್ಲಿ ರಿಮೋಟಿಗೂ ಪ್ಲಾಸ್ಟಿಕ್ ಬಿಚ್ಚದವರಿದ್ದೇವೆ. ಹೊಸ ವಸ್ತುವನ್ನು ಕಾಪಾಡಿಕೊಳ್ಳುವುದು ನಮ್ಮ ಜನ ಕಷ್ಟಪಟ್ಟು ಕಲಿತ ಗುಣ, ಆ ಗುಣವನ್ನೇ ಇವರು ವ್ಯಾಪಾರ ಮಾಡಿಕೊಂಡಿದ್ದರು.

"ಪಕ್ಕೆಯಲ್ಲಿ ಏರ್‌ಬ್ಯಾಗ್ ಇರೋ ಸೀಟಿಗೆ ಇಂಥ ಕವರ್ ಹಾಕಬಾರದು ಅಂತ ನಿಮಗೆ ಗೊತ್ತಿತ್ತೋ ಇಲ್ಲವೋ?" ಎಂದು ಕೇಳಿದೆ.

ಅವನು ಸ್ವಲ್ಪ ದನಿ ತಗ್ಗಿಸಿದ. "ಪಕ್ಕೆಯಲ್ಲಿ ಹೊಲಿಗೆ ಬಿಟ್ಟಿರೋ ಕವರೂ ಬರ್ತವೆ ಮೇಡಂ. ರೇಟ್ ಜಾಸ್ತಿ. ಫ್ರೀ ಕೊಡಾಕೆ ಆಗಲ್ಲ."

ಗೊತ್ತಿತ್ತು! ಗೊತ್ತಿದ್ದೂ ಕೊಟ್ಟಿದ್ದರು. ಆರು ಏರ್‌ಬ್ಯಾಗ್ ಎಂದು ಬ್ಯಾನರ್ ಕಟ್ಟಿ ಮಾರಿ, ಅದರಲ್ಲಿ ಎರಡರ ಬಾಯಿಯನ್ನು ತಾವೇ ಹೊಲಿದು, ಮೇಲೆ ಉಚಿತ ಎಂದು ಬೇರೆ ಹೇಳಿದ್ದರು. ನಾನು ಅವನಿಗೆ ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಸದ್ದು ನಿಂತುಹೋಗಿತ್ತು. ಕೊನೆಗೆ ಗಂಗಮ್ಮನ ಕೈ ಹಿಡಿದು, "ನೀವು ಕೇಳಿದ್ರಿ, ಅಷ್ಟೆ. ಹಾಕಬಾರದು ಅಂತ ಗೊತ್ತಿದ್ದವರು ಇವರು. ಬೇಡಮ್ಮ ಅನ್ನಬೇಕಾಗಿದ್ದು ಇವರು" ಎಂದೆ.

ಗಂಗಮ್ಮ ಸೀಳಿದ ಕವರನ್ನೇ ನೋಡುತ್ತ ನಿಂತರು. ಹೊರಗೆ ಬರಬೇಕಾದರೆ ಹೊಸ ಕಾರು ಒಪ್ಪಿಸುವ ಜಾಗವನ್ನು ದಾಟಿಯೇ ಬರಬೇಕು. ಅಲ್ಲಿ ಅದೇ ಸೆಡಾನ್, ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಜಗಳೂರಿನಿಂದ ಬಂದ ಗಂಡ ಹೆಂಡತಿ, ಇಬ್ಬರು ಮಕ್ಕಳು ಫೋಟೊಕ್ಕೆ ಕಾಯುತ್ತಿದ್ದರು. ಒಳಗೆ ಕೆಲಸಗಾರನೊಬ್ಬ ಡ್ರೈವರ್ ಸೀಟಿಗೆ ಅದೇ ಕಂದು ಕವರನ್ನು ಎಳೆದು ಎಳೆದು ತೊಡಿಸುತ್ತಿದ್ದ.

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗಮ್ಮ ಮುಂದೆ ಹೋಗಿದ್ದರು. ಕೆಲಸಗಾರನನ್ನು ಸರಿಸಿ, ಕವರಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತು ಎಳೆದರು. "ತೆಗೀರಿ ಇದನ್ನ!"

"ಅಮ್ಮ, ಕಸ್ಟಮರ್ ಅದಾರೆ" ಎಂದು ಮ್ಯಾನೇಜರ್ ಓಡಿಬಂದ.

"ನಾನೂ ಕಸ್ಟಮರೇ!" ಎಂದು ಗಂಗಮ್ಮ ಗುಡುಗಿದರು. ಅಷ್ಟು ಹೊತ್ತು ನೆಲ ನೋಡುತ್ತಿದ್ದವರ ದನಿ ಅದು ಎಂದು ನಂಬುವುದು ಕಷ್ಟವಾಯಿತು.

ಜಗಳೂರಿನ ಹೆಣ್ಣುಮಗಳು ಗಾಬರಿಯಿಂದ, "ಯಾಕ್ರೀ? ಕವರಿಲ್ದಿದ್ರೆ ಸೀಟು ಹೊಲಸಾಗಲ್ವೇನ್ರೀ?" ಎಂದಳು.

"ಆಗ್ಲಿ ಬಿಡವ್ವ" ಎಂದರು ಗಂಗಮ್ಮ. "ಸೀಟು ಹೊಲಸಾದ್ರೆ ತೊಳೀಬೋದು. ಗುದ್ದಿದಾಗ ಕಾಪಾಡೋ ಚೀಲ ಇದರೊಳಗೆ ಐತೆ, ಕವರ್ ಅದನ್ನ ಹೊರಗ ಬರಾಕೆ ಬಿಡಲ್ಲ. ನನ್ ಮಗಳು ಪಾಠ ಮಾಡೋಳು, ಈಗ ನಾಲ್ಕು ಮಾತಾಡಾಕೂ ಉಸ್ರು ಸಾಲಲ್ಲ. ಅದನ್ನ ಎಲ್ಲಿ ತೊಳೀಲಿ ನಾನು?"

ಅವಳ ಗಂಡ ಕವರುಗಳನ್ನೆಲ್ಲ ತೆಗೆಸಿದ. ಫೋಟೊ ತೆಗೆಸಿಕೊಳ್ಳದೆಯೇ ಅವರು ಕಾರು ಒಯ್ದರು.

ಕವರ್ ಹಾಕಿದ್ದು ಶೋರೂಮೇ ಎಂದು ನಾನು ವರದಿಯಲ್ಲಿ ಬರೆದೆ, ಫೋಟೊಗಳನ್ನೂ ಲಗತ್ತಿಸಿದೆ. ನನ್ನ ವರ್ತನೆ ಸರಿಯಿಲ್ಲವೆಂದು ಶೋರೂಮಿನವರು ವಿಮಾ ಕಂಪನಿಗೆ ದೂರು ಕೊಟ್ಟರು. ದೂರು ಸುಳ್ಳಲ್ಲ. ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಕಾರಿನ ಗುಣದೋಷ ಹೇಳಿ ಎಂದು ಜನ ಈಗಲೂ ನನ್ನಲ್ಲಿಗೆ ಬರುತ್ತಾರೆ. ಎಂಜಿನ್, ಬ್ರೇಕು, ಮೈಲೇಜ್ ಎಲ್ಲ ಹೇಳುತ್ತೇನೆ. ಕಾರ್ಖಾನೆ ಬಿಟ್ಟ ಮೇಲೆ ಅದಕ್ಕೆ ಯಾರು ಏನು ಅಂಟಿಸಿದರು, ಏನು ತೊಡಿಸಿದರು ಎಂಬುದನ್ನೂ ನೋಡಿಯೇ ಹೇಳುತ್ತೇನೆ. ಒಳ್ಳೆಯ ಕಾರನ್ನು ಕೆಟ್ಟದ್ದು ಮಾಡಲು ಒಂದು ಉಚಿತ ಉಡುಗೊರೆ ಸಾಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಆದರೆ ಅದನ್ನು ಕಲಿಯಲು ಒಬ್ಬ ಹುಡುಗಿಯ ಉಸಿರು ಖರ್ಚಾಯಿತು, ಮತ್ತು ಆ ಖರ್ಚನ್ನು ಬರೆಯಲು ನನ್ನ ವರದಿಯಲ್ಲಿ ಜಾಗವೇ ಇರಲಿಲ್ಲ.