ಏಸಿಯವನು ಕೊಂಡ ಮಾಡಿಲ್ಲದ ಕಾರು

ಇಪ್ಪತ್ತೇಳು ವರ್ಷಗಳಿಂದ ನನ್ನ ಕಸುಬು ತಣ್ಣನೆಯ ಗಾಳಿಯನ್ನು ಕಟ್ಟಡದೊಳಗೆ ಹಿಡಿದಿಡುವುದು. ಬಹರೈನಿನಲ್ಲಿ ಇದು ಸಣ್ಣ ಹೊಣೆಯಲ್ಲ. ಏಸಿಯ ಕೊಳವೆಗಳ ಸಂದಿಗಳಲ್ಲಿ ಕೈಯಾಡಿಸಿ, ಎಲ್ಲಿ ಒಂದೆಳೆ ತಂಪು ಸೋರುತ್ತಿದೆ ಎಂದು ಪತ್ತೆಹಚ್ಚಿ, ಬೆಳ್ಳಿಬಣ್ಣದ ಟೇಪು ಸುತ್ತಿಸುವ ಸೂಪರ್‌ವೈಸರ್ ನಾನು. ಬಾಗಿಲು ತೆರೆದಿಟ್ಟುಕೊಂಡು ಮಾತಾಡುವವರನ್ನು ಕಂಡರೆ, ಅವರು ಯಾರೇ ಆಗಿರಲಿ, ನನಗೆ ಒಳಗೊಳಗೇ ಸಂಕಟ. ಒಂದು ಮದುವೆ ಹಾಲಿನಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದ ಮದುಮಗನ ತಂದೆಯನ್ನು ಬದಿಗೆ ಸರಿಸಿ ಕದ ಮುಚ್ಚಿದ ಅಪಕೀರ್ತಿಯೂ ನನ್ನ ಹೆಸರಿನಲ್ಲಿದೆ. ಇಂಥವನು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮಾಡು, ಅಂದರೆ ಛಾವಣಿ, ತೆರೆಯುವ ಕಾರನ್ನು ಹುಡುಕಿಕೊಂಡು ಹೊರಟದ್ದು ಕೇಳಿ ಪರಿಚಯದವರು ಮುಖ ಮುಖ ನೋಡಿಕೊಂಡರು. ಅವರ ತಪ್ಪಲ್ಲ.

ಕಾರಣ ನನ್ನ ಹೆಂಡತಿ. ಅವಳು ನರ್ಸ್. ರಿಫಾದ ನಮ್ಮ ಫ್ಲ್ಯಾಟಿನಿಂದ ಅವಳ ಆಸ್ಪತ್ರೆಗೆ ಏಳು ನಿಮಿಷದ ದಾರಿ. ಇಪ್ಪತ್ತನಾಲ್ಕು ವರ್ಷ ನಡೆದೇ ಹೋಗಿದ್ದಾಳೆ. ಆರೋಗ್ಯಕ್ಕೆ ಒಳ್ಳೆಯದೆಂದಲ್ಲ, ಮುಚ್ಚಿದ ಕಾರಿನಲ್ಲಿ ಕೂತರೆ ಅವಳಿಗೆ ವಾಂತಿ ಬರುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಇದನ್ನು ಬೇರೆಯೇ ಶುಭಸೂಚನೆಯೆಂದು ತಿಳಿದು ಊರಿಗೆ ಫೋನು ಮಾಡಿದ್ದೂ ಉಂಟು. ಊರಿನಲ್ಲಾದರೆ ಬಸ್ಸಿನ ಕಿಟಕಿಯ ಪಕ್ಕ ಮುಖವನ್ನು ಗಾಳಿಗೆ ಒಡ್ಡಿ ಹೇಗೋ ಸುಧಾರಿಸಿಕೊಳ್ಳುತ್ತಿದ್ದಳು. ಇಲ್ಲಿ ಕಾರಿನ ಗಾಜು ಇಳಿಸಿದರೆ ಬೇಸಗೆಯಲ್ಲಿ ಒಲೆಯ ಝಳ, ಉಳಿದಂತೆ ಧೂಳು. ಏಸಿಯ ವಾಸನೆಯೇ ತನಗಾಗದು ಎಂಬುದು ಅವಳ ವಾದ. ತಂಪು ಗಾಳಿಗೆ ವಾಸನೆಯೇ ಇಲ್ಲವೆಂದು ನಾನು ಹಲವು ಸಲ ಆಧಾರಸಹಿತ ವಿವರಿಸಿದ್ದೇನೆ. ವಿವರಣೆ ಮುಗಿಯುವ ಮೊದಲೇ ಕಾರು ನಿಲ್ಲಿಸಬೇಕಾಗಿ ಬಂದಿದೆ.

ಅವಳ ಮಿತಿ ಹತ್ತು ನಿಮಿಷ. ದೇವರ ದಯೆಯಿಂದ ಇಗರ್ಜಿ ಒಂಬತ್ತು ನಿಮಿಷದ ದಾರಿ. ಅದರಾಚೆ ಅವಳು ಹೋಗುವುದು ವರ್ಷಕ್ಕೊಮ್ಮೆ, ರಜೆಗೆ ಊರಿಗೆ ಹೊರಟಾಗ, ವಿಮಾನ ನಿಲ್ದಾಣಕ್ಕೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಜಪಸರ, ಎರಡೂ ಕಣ್ಣು ಭದ್ರವಾಗಿ ಮುಚ್ಚಿಕೊಂಡು. ಉಳ್ಳಾಲದ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳು, ಬಂದದ್ದು ದ್ವೀಪಕ್ಕೆ, ಬದುಕಿದ್ದು ಕಿಟಕಿಯಿಂದ ನೀರಿನ ಟ್ಯಾಂಕುಗಳಷ್ಟೇ ಕಾಣುವ ಬೀದಿಯಲ್ಲಿ. ಸಂಜೆ ಕಡಲ ಬದಿಗೆ ಹೋಗಿ ಬಂದವರ ಸುದ್ದಿಯನ್ನು ಅವಳು ಕೇಳುತ್ತಿದ್ದ ರೀತಿಯನ್ನು ನಾನು ನೋಡಿದ್ದೇನೆ. ಎದ್ದು ಚಾ ಇಡಲು ಹೋಗುತ್ತಿದ್ದಳು.

ಮಾಡಿಲ್ಲದ ಗಾಡಿಯ ಯೋಚನೆಗೆ ನನ್ನಲ್ಲಿ ಪುರಾವೆಯೂ ಇತ್ತು. ಬಹಳ ಹಿಂದೆ ಇಗರ್ಜಿಯವರೆಲ್ಲ ಸೇರಿ ಇಗರ್ಜಿಯ ಹತ್ತಿರದ್ದೇ ಒಂದು ಖರ್ಜೂರದ ತೋಟಕ್ಕೆ ಪಿಕ್‌ನಿಕ್ ಹೋಗಿದ್ದೆವು. ತೋಟದೊಳಗಿನ ಮಣ್ಣುದಾರಿಯಲ್ಲಿ ಅಡುಗೆಯ ಪಾತ್ರೆಗಳ ಜೊತೆ ಅವಳೂ ಪಿಕಪ್ಪಿನ ಹಿಂದೆ ಹತ್ತಿ ಕೂತಳು. ಅರ್ಧ ಗಂಟೆ ಆ ದಾರಿಯಲ್ಲಿ ಕುಲುಕಾಡಿದರೂ ವಾಂತಿ ಹೋಗಲಿ, ಎರಡು ಬೇಯಿಸಿದ ಮೊಟ್ಟೆ ತಿಂದು ಕೊಂಕಣಿ ಹಾಡು ಹೇಳಿದಳು. ತೆರೆದ ಆಕಾಶ ತಲೆಯ ಮೇಲಿದ್ದರೆ ಅವಳ ಹೊಟ್ಟೆ ಸುಮ್ಮನಿರುತ್ತದೆ ಎಂದು ನಾನು ಅಂದೇ ತೀರ್ಪು ಬರೆದುಕೊಂಡಿದ್ದೆ. ತೀರ್ಪನ್ನು ಜಾರಿಗೆ ತರಲು ಮಾತ್ರ ಇಷ್ಟು ವರ್ಷ ಬೇಕಾಯಿತು. ಬರುವ ವರ್ಷ ಬರುವ ವರ್ಷ ಎಂದೇ ಗಲ್ಫಿನಲ್ಲಿ ನಮ್ಮ ಆಯುಸ್ಸು ಕಳೆಯುತ್ತದೆ. ಕಳೆದ ವರ್ಷ, ಈ ಮೇ ತಿಂಗಳಿಗೆ ಕೆಲಸ ಬಿಟ್ಟು ಊರಿಗೆ ಹೋಗುವುದೆಂದು ನಿಶ್ಚಯವಾದಾಗ, ಉಳಿದದ್ದು ಒಂದೇ ಚಳಿಗಾಲ ಎಂಬುದು ತಲೆಗೆ ಹೋಯಿತು. ಅಷ್ಟರೊಳಗೆ ಅವಳಿಗೆ ಒಮ್ಮೆಯಾದರೂ ಈ ದ್ವೀಪದ ಕಡಲನ್ನು ಕಣ್ಣು ತೆರೆದು ತೋರಿಸಬೇಕಿತ್ತು.

ಅವಳಿಗಾಗಿ ಎಂದು ಬಾಯಿಬಿಟ್ಟರೆ ಕೆಲಸ ಕೆಡುತ್ತಿತ್ತು. ತನಗೊಂದು ಚಪ್ಪಲಿ ತೆಗೆಯಲೂ ಮೂರು ತಿಂಗಳು ಯೋಚಿಸುವವಳು. ಆದ್ದರಿಂದ ಮುದಿಪ್ರಾಯದ ಹುಚ್ಚಿನ ಕಳಂಕವನ್ನು ನಾನೇ ಹೊತ್ತುಕೊಂಡೆ.

"ನನಗೊಂದು ಕನ್ವರ್ಟಿಬಲ್ ತೆಗೀಬೇಕು ಅಂತ ಆಸೆ," ಎಂದೆ.

"ನಿಮಗೆ ಮರುಳುಂಟಾ? ಇದ್ದ ಕೂದಲೂ ಹಾರಿಹೋಗ್ತದೆ."

"ಇದ್ದರಲ್ಲವಾ ಹಾರುವುದು?"

"ಯಾರನ್ನು ಕೂರಿಸಿಕೊಂಡು ತಿರುಗ್ಲಿಕ್ಕೆ?"

"ನೋಡುವ, ಯಾರು ಸಿಗ್ತಾರೆ ಅಂತ."

ಅವಳು ನನ್ನನ್ನು ಎರಡು ಕ್ಷಣ ನೋಡಿ, ರೋಗಿಗೆ ಮದ್ದಿನ ಪ್ರಮಾಣ ಹೇಳುವ ಧ್ವನಿಯಲ್ಲಿ ಹೇಳಿದಳು: "ಎಂಟುನೂರು ದಿನಾರ್. ಒಂದು ಫಿಲ್ಸ್ ಹೆಚ್ಚು ಕೊಟ್ಟರೆ ಆ ಕಾರಲ್ಲೇ ಮಲಗಿ."

ಈ ಆಜ್ಞಾಪತ್ರ ಹಿಡಿದು ನಾನು ಹೋದದ್ದು ಸಲ್ಮಾಬಾದಿನಲ್ಲಿ ಗ್ಯಾರೇಜು ಇಟ್ಟಿರುವ ಬ್ಯಾರಿಗಳೊಬ್ಬರ ಹತ್ತಿರ. ಉಪ್ಪಿನಂಗಡಿ ಕಡೆಯವರು, ನನಗಿಂತ ಎರಡು ವರ್ಷ ದೊಡ್ಡವರು. ಊರಿನ ಹಳೆಯ ಮರ್ಯಾದೆಯಂತೆ ಅವರು ಕ್ರಿಸ್ತುವನಾದ ನನ್ನನ್ನು ಪೊರ್ಬುಗಳೇ ಎನ್ನುತ್ತಾರೆ, ನಾನು ಮುಸ್ಲಿಮರಾದ ಅವರನ್ನು ಬ್ಯಾರಿಗಳೇ ಎನ್ನುತ್ತೇನೆ. ಈ ಸಂಬೋಧನೆಗಳನ್ನು ಬಳಸುವ ಇಬ್ಬರೇ ಈ ದೇಶದಲ್ಲಿ ಉಳಿದಿರುವುದೆಂದು ನಮ್ಮ ಅನುಮಾನ.

"ಪೊರ್ಬುಗಳೇ, ಎಂಟುನೂರಕ್ಕೆ ಟಾಪು ಬರ್ತದೆ, ಕಾರು ಬರ್ಲಿಕ್ಕಿಲ್ಲ," ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಯೋಚಿಸಿದರು. "ತೆಗೀವುದಾದ್ರೆ ಈಗ ತೆಗೀರಿ, ಆಗಸ್ಟಲ್ಲಿ. ಈ ಬೆಂಕಿಯಲ್ಲಿ ಟಾಪು ತೆರೆಯುವ ಗಾಡಿ ಯಾರಿಗೆ ಬೇಕು? ಸ್ವೆಟರ್ ಮಾರುವವನ ಗತಿ ಅವರದ್ದು."

ಹೀಗೆ ನಲವತ್ತೈದು ಡಿಗ್ರಿಯಲ್ಲಿ ನಮ್ಮ ಸವಾರಿ ಹೊರಟಿತು. ಮೊದಲನೆಯ ಕಾರು ಹಮದ್ ಟೌನಿನಲ್ಲಿತ್ತು. ಅದರ ಮಾಡು ಹರಿದುಹೋಗಿದ್ದರಿಂದ ಯಾರೋ ಸೋಫಾ ಹೊಲಿಯುವವನ ಕೈಯಲ್ಲಿ ಹೂವಿನ ಚಿತ್ತಾರದ ಬಟ್ಟೆ ಹೊಲಿಸಿದ್ದರು. ಬ್ಯಾರಿಗಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಕಾರಲ್ಲ, ಸೋಫಾ," ಎಂದು ಘೋಷಿಸಿದರು. ಎರಡನೆಯದು ನಮ್ಮ ರಿಫಾದಲ್ಲೇ, ನೋಡಲು ಲಕ್ಷಣವಾಗಿತ್ತು. ಕಾಲಡಿಯ ಮ್ಯಾಟು ಎತ್ತಿದರೆ ರಸ್ತೆ ಕಾಣಿಸಿತು. "ಮಾಡು ತೆರೆಯುವ ಕಾರು ಕೇಳಿದ್ದು ಹೌದು ಮಾರಾಯ್ರೆ, ನೆಲ ತೆರೆಯುವುದು ಕೇಳಿರ್ಲಿಲ್ಲ," ಎಂದರು ಬ್ಯಾರಿಗಳು.

ಮೂರನೆಯದು ಬುಸೈತೀನಿನಲ್ಲಿ. ಅಂದು ಗ್ಯಾರೇಜಿನಲ್ಲಿ ಕೆಲಸ ಬಿದ್ದು ಬ್ಯಾರಿಗಳು ಬರಲಿಲ್ಲ. ಫೋನಿನಲ್ಲಿ ಒಂದೇ ಮಾತು ಹೇಳಿದರು: "ಟಾಪು ಎರಡು ಸಲ ತೆಗೆದು ಮುಚ್ಚಿ ನೋಡಿ. ಬೇರೆ ಎಂತ ನೋಡದಿದ್ರೂ ಅಡ್ಡಿಯಿಲ್ಲ."

ಕಾರಿನ ಮಾಲಕರು ನಿವೃತ್ತ ಶಾಲಾ ಮಾಸ್ತರರು. ಇಲ್ಲಿಯವರ ನಿಲುವಂಗಿ, ನೀಟಾದ ಬಿಳಿ ತೋಬು ತೊಟ್ಟಿದ್ದರು, ಮೊದಲು ಕೂರಿಸಿ ಅರಬರ ಕಾಫಿ ಗಾವಾ ಕೊಟ್ಟರು, ಊರಿನ ಮಳೆಯ ಬಗ್ಗೆ ಕೇಳಿದರು. ಕಾರಿಗೆ ಇಪ್ಪತ್ತು ವರ್ಷ ಪ್ರಾಯ, ಬೂದು ಬಣ್ಣ, ಕಪ್ಪು ಬಟ್ಟೆಯ ಮಾಡು. ನೆರಳಿನಲ್ಲಿಟ್ಟು ಸಾಕಿದ ಗಾಡಿಯೆಂದು ನೋಡಿದರೇ ತಿಳಿಯುತ್ತಿತ್ತು. ಇಬ್ಬರೂ ಒಳಗೆ ಕೂತೆವು. ಅವರು ಏಸಿ ಹಾಕಿದರು. ಅಲ್ಲಿಗೆ ನನ್ನೊಳಗಿನ ಸೂಪರ್‌ವೈಸರ್ ಎಚ್ಚರಗೊಂಡ. ಗಾಳಿ ಬರುವ ಪ್ರತಿಯೊಂದು ಕಿಂಡಿಗೂ ಕೈ ಹಿಡಿದೆ, ಜೇಬಿನಿಂದ ಥರ್ಮಾಮೀಟರು ತೆಗೆದು ಇಟ್ಟೆ, ಕಾಗದದ ಚೂರು ಹಿಡಿದು ಗಾಳಿಯ ವೇಗ ನೋಡಿದೆ, ಗಾಜಿನ ಅಂಚಿನಲ್ಲೆಲ್ಲ ಬೆರಳಾಡಿಸಿ ಸೋರುವುದುಂಟೋ ಎಂದು ಪರೀಕ್ಷಿಸಿದೆ. ಬಟ್ಟೆಯ ಮಾಡಿನ ಕಾರಿನಲ್ಲಿ ಅಂಥ ತಂಪನ್ನು ನಾನು ನಿರೀಕ್ಷಿಸಿರಲಿಲ್ಲ. ಕಣ್ಣು ಒದ್ದೆಯಾಗುವುದೊಂದು ಬಾಕಿ.

ಆಗ ಮಾಸ್ತರರು ಗುಂಡಿಯ ಕಡೆ ಬೆರಳು ಚಾಚಿ, ಹಿಂದಿಯಲ್ಲಿ, ಮಾಡು ತೆರೆದು ತೋರಿಸಲೇ ಎಂದು ಕೇಳಿದರು.

"ಅಯ್ಯೋ, ಬೇಡ ಬೇಡ! ಏಸಿ ಓಡ್ತಾ ಉಂಟು!" ಎಂದು ನಾನು ಕೂಗಿದೆ. ಕೂಗಿದ್ದು ಅಚ್ಚ ಮಂಗಳೂರು ಕನ್ನಡದಲ್ಲಿ. ಆದರೂ ಅವರಿಗೆ ಅರ್ಥವಾಯಿತು. ಮಗುವಿನ ಕೈಯಿಂದ ಚೂರಿ ಕಸಿಯುವವನ ಮುಖ ಆ ಹೊತ್ತು ನನ್ನದಾಗಿದ್ದಿರಬೇಕು. ಅವರು ಬೆರಳನ್ನು ವಿನಯದಿಂದ ಹಿಂದಕ್ಕೆ ತೆಗೆದುಕೊಂಡರು. ಏಳುನೂರ ಎಂಬತ್ತಕ್ಕೆ ಕೈಕುಲುಕಿದೆವು.

ಅಂದು ಆ ಮಾಡು ತೆರೆಯುತ್ತಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಮಾಸ್ತರರನ್ನು ಸಂಶಯಿಸಲು ಮನಸ್ಸು ಬರುವುದಿಲ್ಲ. ತೆರೆದು ತೋರಿಸಲೇ ಎಂದು ಅವರಾಗಿಯೇ ಕೇಳಿದ್ದರು. ಮೋಸಮಾಡುವ ಅವಕಾಶವನ್ನೇ ನಾನು ಅವರಿಗೆ ಕೊಡಲಿಲ್ಲ.

ಆಗಸ್ಟಿನಿಂದ ನವೆಂಬರಿನ ತನಕ ನಾನು ಆ ಕಾರನ್ನು ಮಾಡು ಮುಚ್ಚಿಯೇ ಓಡಿಸಿದೆ. ಮಾಡು ಬಿಚ್ಚಿದರೆ ಬೇಯುವ ಕಾಲ ಅದು. ಇಲ್ಲಿ ವಾರದ ರಜೆ ಶುಕ್ರವಾರ; ಮೊದಲ ತಂಪು ಶುಕ್ರವಾರ, ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ, ಹೊಸ ಗಾಡಿಗೆ ಆಶೀರ್ವಾದ ಆಗಲೇಬೇಕೆಂದು ಹೆಂಡತಿ ಹಠ ಹಿಡಿದಳು. ನಮ್ಮ ಕಡೆಯವರೇ ಆದ ಫಾದರ್ ಒಬ್ಬರು ಪವಿತ್ರ ಜಲ ತಂದು ಬಾನೆಟ್ಟಿಗೆ ಎರಚಿದರು, ಚಕ್ರಗಳಿಗೆ ಎರಚಿದರು. ಸುತ್ತ ಹದಿನೈದಿಪ್ಪತ್ತು ಮಂದಿ ಸೇರಿದ್ದರು.

"ತೆರೀರಿ, ಒಳಗೂ ಸ್ವಲ್ಪ ಹಾಕುವ," ಎಂದರು ಫಾದರ್.

ಸಭೆಯ ಮುಂದೆ ನಾನು ಗುಂಡಿ ಒತ್ತಿದೆ. ಎಲ್ಲಿಂದಲೋ ಒಂದು ನರಳಾಟ ಕೇಳಿಸಿತು. ಮಾಡು ಒಂದು ಗೇಣು ಎದ್ದಿತು, ಅಲ್ಲಿಯೇ ನಿಂತಿತು. ಮತ್ತೆ ಒತ್ತಿದೆ. ನರಳಾಟವೂ ನಿಂತಿತು. ಫಾದರ್ ಆ ಒಂದು ಗೇಣಿನ ಸಂದಿಯಿಂದಲೇ ಒಳಗೆ ನಾಲ್ಕು ಹನಿ ಚಿಮುಕಿಸಿ ಕರ್ತವ್ಯ ಮುಗಿಸಿದರು.

"ಇದೇನು, ಕಾರಾ, ಅಕ್ಕಿ ಪೆಟ್ಟಿಗೆಯಾ?" ಎಂದಳು ಹೆಂಡತಿ.

ನಾಲ್ಕು ಜನ ಸೇರಿ ಮಾಡನ್ನು ಅದುಮಿ ಮುಚ್ಚಿಸಿದರು. ಬ್ಯಾರಿಗಳು ನೋಡಿ, ಮಾಡು ಎತ್ತುವ ಪಂಪು ಸತ್ತಿದೆ ಎಂದರು. ಹೊಸ ಪಂಪಿಗೆ ಕಾರಿನ ಅರ್ಧಕ್ಕಿಂತ ಹೆಚ್ಚು ಬೆಲೆ. ಆ ಬಾಬತ್ತಿನಲ್ಲಿ ನನ್ನ ಹತ್ತಿರ ಉಳಿದದ್ದು ಇಪ್ಪತ್ತು ದಿನಾರ್. ಹಳೆಯ ಪಂಪಿಗಾಗಿ ಗುಜರಿಗಳನ್ನೆಲ್ಲ ತಿರುಗಿದೆವು. ಡಿಸೆಂಬರು ಹೋಯಿತು. ಜನವರಿಯೂ ಅರ್ಧ ಹೋಯಿತು. ಇಲ್ಲಿಯ ಚಳಿಗಾಲ ಎಷ್ಟು ಸಣ್ಣದೆಂದು ನಾನು ಮೊದಲ ಸಲ ಗಮನಿಸಿದೆ. ಅಷ್ಟರ ತನಕ ಅದು ನನಗೆ ಬರೀ ಕೆಲಸ ಕಡಿಮೆಯಿರುವ ಕಾಲವಾಗಿತ್ತು. ದಿನವೂ ಸಂಜೆ ಒಳ್ಳೆಯ ಗಾಳಿ ಬೀಸುತ್ತಿತ್ತು. ಹೆಂಡತಿ ಕಾರಿನ ವಿಷಯ ಎತ್ತುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಕೊನೆಗೆ ಬ್ಯಾರಿಗಳೇ ದಾರಿ ಹೇಳಿದರು. "ಟಾಪನ್ನು ಕೈಯಲ್ಲೇ ಎತ್ತಿ ಹಿಂದೆ ಮಡಚಬಹುದು ಪೊರ್ಬುಗಳೇ. ಆದ್ರೆ ಈ ಸರಳು ಬಗ್ಗಿ ಹೋಗಿದೆ. ಒಮ್ಮೆ ಹಿಂದೆ ಹೋದ್ರೆ ಮುಂದೆ ಬರ್ಲಿಕ್ಕಿಲ್ಲ."

"ಮತ್ತೆ ಪಾಸಿಂಗ್?" ವರ್ಷಕ್ಕೊಮ್ಮೆ ಗಾಡಿಯನ್ನು ಸರಕಾರಿ ತಪಾಸಣೆಗೆ ಒಯ್ಯಬೇಕಲ್ಲ.

"ಪಾಸಿಂಗ್ ಮೇ ತನಕ ಉಂಟು. ನೀವೂ ಮೇ ತನಕ ಉಂಟಲ್ಲ."

"ಮಳೆ ಬಂದರೆ?"

"ಮಂಗ್ಳೂರಿನವರಿಗೆ ಟರ್ಪಾಲ್ ಹಾಕ್ಲಿಕ್ಕೆ ನಾನು ಹೇಳಿ ಕೊಡ್ಬೇಕಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಅಲ್ಲ, ಇಷ್ಟೆಲ್ಲ ಯಾಕೆ? ಮಾರಿಬಿಡಿ. ಖಲ್ಲಿವಲ್ಲಿ," ಎಂದರು. ಇಲ್ಲಿಯವರು ಯಾವುದನ್ನಾದರೂ ಕೈಬಿಡುವಾಗ ಆಡುವ ಮಾತು ಅದು.

ನಾನು ಅವರಿಗೆ ಹೆಂಡತಿಯ ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಬ್ಯಾರಿಗಳು ಹೋಗಿ ಸ್ಪ್ಯಾನರು ತಂದರು.

ಮೊದಲು ನಾನು ಏಸಿ ಆರಿಸಿದೆ. ಆ ಶಿಸ್ತನ್ನು ಬಿಡಲಾಗಲಿಲ್ಲ. ಆಮೇಲೆ ಒಂದು ಬದಿಯಲ್ಲಿ ಅವರು, ಇನ್ನೊಂದು ಬದಿಯಲ್ಲಿ ನಾನು, ಮಾಡನ್ನು ಎತ್ತಿ ಹಿಂದಕ್ಕೆ ತಳ್ಳಿದೆವು. ಬಾಗಿದ ಸರಳು ಲಟ್ ಎಂದಿತು. ಇಪ್ಪತ್ತೇಳು ವರ್ಷ ಸಂದಿ ಮುಚ್ಚಿದ ನನ್ನ ಕೈಗಳೇ ಈಗ ಮಾಡು ತೆರೆದವು.

ಮರುದಿನ ಶುಕ್ರವಾರ, ನಾಲ್ಕು ಗಂಟೆಗೆ, ಹೆಂಡತಿಯನ್ನು ಕರೆದೆ. ತಲೆಗೆ ಶಾಲು ಸುತ್ತಿಕೊಂಡು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕೂತಳು. ನಾನು ಅರುವತ್ತರ ಮೇಲೆ ಹೋಗಲಿಲ್ಲ. ಹಿಂದಿನವರು ಹಾರ್ನು ಹೊಡೆದು ತಮ್ಮ ಅಭಿಪ್ರಾಯ ತಿಳಿಸಿದರು. ಹತ್ತು ನಿಮಿಷ ದಾಟಿತು. ನಾನು ಗಡಿಯಾರ ನೋಡಿದೆ, ಅವಳು ನೋಡಲಿಲ್ಲ. ಹದಿನೈದು. ಇಪ್ಪತ್ತು. ಮನಾಮ ದಾಟಿ ಮುಹರಕ್ಕಿನ ಸೇತುವೆ ಹತ್ತಿದಾಗ ಅವಳು ಒಮ್ಮೆಗೇ ನನ್ನ ತೋಳು ಹಿಡಿದಳು. ಮುಗಿಯಿತು ಎಂದುಕೊಂಡೆ. ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ.

"ಚೀಲ ಹಿಡಿ, ಚೀಲ ಹಿಡಿ," ಎಂದೆ.

"ಚೀಲ ಅಲ್ಲ ಮಾರಾಯ್ರೆ. ಇದು ಏರ್‌ಪೋರ್ಟಿಗೆ ಹೋಗುವ ದಾರಿಯಾ?"

"ಹೌದು."

"ಯಾವಾಗಲೂ ಹೋಗುವುದೇ?"

"ಅದೇ."

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. "ಎರಡೂ ಬದಿ ಕಡಲುಂಟಲ್ಲ," ಎಂದಳು.

ಇಪ್ಪತ್ತನಾಲ್ಕು ವರ್ಷ ಹೋಗುತ್ತ ಬರುತ್ತ ಅವಳು ಆ ನೀರನ್ನು ಕಣ್ಣುಮುಚ್ಚಿ ದಾಟಿದ್ದಳು. ಪಕ್ಕದಲ್ಲಿ ಕೂತಿದ್ದ ನನಗೆ ಹೇಳಲು ತೋಚಿರಲಿಲ್ಲ. ಹೇಳಿದರೂ ಕಣ್ಣು ತೆರೆಯುವ ಸ್ಥಿತಿಯಲ್ಲಿ ಅವಳಿರಲಿಲ್ಲ ಎಂಬುದು ನನ್ನ ಪರವಾದ ವಾದ. ಅದು ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.

ಬುಸೈತೀನಿನ ದಡದಲ್ಲಿ ಕಾರು ನಿಲ್ಲಿಸಿದೆ. ಅವಳು ಇಳಿಯಲಿಲ್ಲ. ಕೂತಲ್ಲಿಂದಲೇ ನೋಡುತ್ತಿದ್ದಳು. ಇಲ್ಲಿಯ ಕಡಲಿಗೆ ಉಳ್ಳಾಲದ ಅಬ್ಬರವಿಲ್ಲ. ತಟ್ಟೆಯಲ್ಲಿ ಇಟ್ಟಂತೆ ಸುಮ್ಮನಿರುತ್ತದೆ. "ಇದು ಎಂತ ಕಡಲು, ತೆರೆಯೇ ಇಲ್ಲ," ಎಂದಳು. ಹಾಗೆಂದು ಬೈದುಕೊಂಡೇ ಬೆಳಕು ಹೋಗುವ ತನಕ ನೋಡಿದಳು.

ಹೊರಡುವಾಗ ಕೇಳಿದಳು: "ಆಯ್ತಾ? ನಿಮ್ಮ ಆಸೆ ತೀರಿತಾ?"

ನಾನು ಗಂಭೀರವಾಗಿ ಯೋಚಿಸಿದಂತೆ ಮಾಡಿ, "ಇಲ್ಲ. ಇನ್ನೂ ಸ್ವಲ್ಪ ಉಂಟು," ಎಂದೆ.

"ಹಾಗಾದ್ರೆ ಬರುವ ಶುಕ್ರವಾರವೂ ಹೋಗುವ. ನಿಮ್ಮ ಆಸೆ ಅಲ್ವಾ, ನಾನೆಂತ ಹೇಳುವುದು," ಎಂದು ಅವಳು ಪ್ಲಾಸ್ಟಿಕ್ ಚೀಲವನ್ನು ನಾಲ್ಕಾಗಿ ಮಡಚಿ ಡ್ಯಾಶ್‌ಬೋರ್ಡಿನ ಡ್ರಾಯರಿನೊಳಗೆ ಇಟ್ಟಳು.