ತಾಯಿಹಿಟ್ಟು ಹೊತ್ತುಹೋದವನು

ಕಣ್ಮುಚ್ಚಣ್ಣ ಸತ್ತ ದಿನ ಅವನ ಅಂಗಳದಲ್ಲಿ ನಿಂತವರದೆಲ್ಲ ಒಂದೇ ಮಾತು: ದೇವರಂಥ ಮನುಷ್ಯ. ಸತ್ತ ಎಮ್ಮೆ ಯಾವಾಗಲೂ ಹತ್ತು ಸೇರು ಹಾಲು ಕೊಡುತ್ತಿತ್ತು ಅಂದುಕೊಂಡು ನಾನು ಗೋಡೆಗೊರಗಿದೆ. ಚಳವಳಿಯಲ್ಲಿ ಕೂದಲು ಹಣ್ಣಾದವನು ನಾನು. ದೇವರಂಥವರು ಎದುರಾದರೆ ಮೊದಲು ಅವರ ಜೇಬು ನೋಡುತ್ತೇನೆ, ಆಮೇಲೆ ಮುಖ.

ಒಂದೇ ಬೇಕರಿಯಲ್ಲಿ ಅರ್ಧ ಆಯುಷ್ಯ ಬೆವರು ಸುರಿಸಿದವರು ನಾವು. ಅವನದು ಹಿಟ್ಟಿನ ತೊಟ್ಟಿ, ನನ್ನದು ಒಲೆಯ ಬಾಯಿ. ಕೈ ತೊಟ್ಟಿಗಿಳಿಸುವ ಮುಂಚೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ನಿಲ್ಲುತ್ತಿದ್ದ; ಹೆಸರು ಬಂದದ್ದು ಹಾಗೆ.

"ಬೆಕ್ಕೂ ಕಣ್ಮುಚ್ಕೊಂಡೇ ಹಾಲು ಕುಡಿಯೋದು," ಎಂದು ವ್ಯಾನ್ ಓಡಿಸುವ ಉದ್ದಣ್ಣ ಚುಚ್ಚುತ್ತಿದ್ದ.

"ನಿಮಗೂ ಸೇರಿಸಿ ಬೇಡ್ಕೊಂಡಿದೀನಿ, ಬಿಡಿ," ಅನ್ನುತ್ತಿದ್ದ ಅವನು. ಇಂಥ ಉತ್ತರ ಕೊಡುವವನ ಜೊತೆ ಜಗಳವಾದರೂ ಹೇಗೆ ಆಡುವುದು?

ತಾಯಿಹಿಟ್ಟು ಅವನ ವಶದಲ್ಲಿತ್ತು. ಅಂದರೆ ಹುಳಿಬಂದ ಹಿಟ್ಟಿನಲ್ಲಿ ಒಂದು ಪಾಲು ಎತ್ತಿಟ್ಟು, ದಿನವೂ ಅದಕ್ಕೆ ಹೊಸ ಹಿಟ್ಟು, ನೀರು ಉಣಿಸಿ ಬದುಕಿಸಿಕೊಂಡು ಬರುವುದು. ಅದು ಬೆರೆತರೆ ಬ್ರೆಡ್ಡು ಉಬ್ಬುತ್ತದೆ, ಇಲ್ಲದಿದ್ದರೆ ಇಟ್ಟಿಗೆ. ಮಾಲೀಕರ ಅಜ್ಜನ ಕಾಲದಿಂದ ಸಾಯದೆ ಬಂದಿದ್ದ ಹಿಟ್ಟು. ಗಿರಾಕಿಗಳು ಬರುತ್ತಿದ್ದುದೇ ಆ ಹುಳಿಗಾಗಿ.

ಮನೆಯಲ್ಲಿ ಹೆಂಡತಿಯ ಬೆರಳ ಗೆಣ್ಣುಗಳು ಸೆಟೆದು ಹೋಗಿದ್ದವು. ಮೂವರು ಹೆಣ್ಣುಮಕ್ಕಳಿಗೂ ಅವನೇ ಜಡೆ ಹಾಕುವುದು, ಪಾಳಿ ಮುಗಿಸಿ ಬಂದು, ಹಿಟ್ಟಿನ ಕೈಯಲ್ಲೇ. ಶಾಲೆಯಲ್ಲಿ ಆ ಮೂವರನ್ನೂ ಅಜ್ಜಿಯರು ಎಂದು ಕರೆಯುತ್ತಿದ್ದರಂತೆ.

ಮಾಲೀಕರು ವಾರದ ರಜೆ ಕಿತ್ತುಕೊಂಡಾಗ ಒಲೆ ಆರಿಸಿ ಹೊರಗೆ ಬಂದೆವು. ಅವನೂ ಬಂದ. ಮೆರವಣಿಗೆಯಲ್ಲಿ ತುಟಿ ಅಲ್ಲಾಡುತ್ತಿತ್ತು. ಘೋಷಣೆಯೋ ಪ್ರಾರ್ಥನೆಯೋ, ಪಕ್ಕದಲ್ಲಿದ್ದ ನನಗೇ ತಿಳಿಯಲಿಲ್ಲ.

ಆಮೇಲೆ ಶುರುವಾಯಿತು ತಲೆನೋವು. ಸಂಜೆ ಸಂಘದ ಸಭೆಯಲ್ಲಿ ನಾವು ಆಡಿದ್ದು ಬೆಳಗಾಗುವುದರೊಳಗೆ ಮಾಲೀಕರ ಕಿವಿಯಲ್ಲಿ. ಹಿಂದಿನ ಗೇಟಿಗೆ ಅಡ್ಡ ಕೂರೋಣ ಅಂದರೆ ಅಲ್ಲಿ ಆಗಲೇ ಪೊಲೀಸರು. ಗೋಡೆಗೆ ಕಿವಿಯಿರಬಹುದು, ಆದರೆ ಕಾಲಿರುವುದಿಲ್ಲ. ಯಾರೋ ನಡೆದುಹೋಗಿ ಹೇಳುತ್ತಿದ್ದರು.

ಒಂದು ಸಂಜೆ ಮತಕ್ಕೆ ಕೈ ಎತ್ತಿದಾಗ ಉದ್ದಣ್ಣನ ಮೂಗು ಅರಳಿತು. ಕಣ್ಮುಚ್ಚಣ್ಣನ ಮಣಿಕಟ್ಟು ಹಿಡಿದು ಎಲ್ಲರಿಗೂ ತೋರಿಸಿದ. ಉಗುರಿನಲ್ಲಿ ಹಸಿ ಹಿಟ್ಟು. ಹುಳಿ ವಾಸನೆ, ಇವತ್ತಿನದೇ. ಊರಿನವರ ಮೂಗಿಗೆ ಅದು ಬರೀ ಹಿಟ್ಟು; ನಮಗೆ ಅದು ಅವನು ಮುಷ್ಕರ ಮುರಿದದ್ದಕ್ಕೆ ಸಾಕ್ಷಿ.

"ಎಲ್ಲಿ ನಾದಿ ಬಂದ್ಯಪ್ಪಾ ಭಕ್ತಶಿರೋಮಣಿ?"

"ಮನೇಲಿ ಕೆಲಸ ಇತ್ತು."

"ಏನ್ ಕೆಲಸ?"

ಅವನು ಕಣ್ಣು ಮುಚ್ಚಿದ. ಅಷ್ಟು ಸಾಕಾಯಿತು. ಮರುದಿನ ಸಂಜೆ ಸಭೆ ಸೇರಿ ಅವನನ್ನು ಸಂಘದಿಂದ ಕಿತ್ತುಹಾಕುವುದೆಂದು ಮಾತಾಯಿತು. ಹಾಗೆ ಹೊರಬಿದ್ದವನನ್ನು ಆ ಊರಿನ ಯಾವ ಒಲೆಯೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಮೂವರು ಮಕ್ಕಳನ್ನು ಕಟ್ಟಿಕೊಂಡು ಬೇರೆ ಊರು ನೋಡಿಕೊಳ್ಳಬೇಕಿತ್ತು. ನನಗೇನೂ ಅಯ್ಯೋ ಅನ್ನಿಸಲಿಲ್ಲ. ಆದರೆ ಕಳ್ಳನನ್ನು ಓಡಿಸುವ ಮುಂಚೆ ಕದ್ದದ್ದು ಏನೆಂದು ತಿಳಿಯಬೇಕಲ್ಲ? ಮರುದಿನ ಮಧ್ಯಾಹ್ನವೇ ಉದ್ದಣ್ಣನನ್ನು ಕರೆದುಕೊಂಡು ಅವನ ಮನೆಗೆ ನುಗ್ಗಿದೆ.

ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನು, ಹುಡುಕೋಕೆ ಬಂದ್ರಾ? ಹುಡುಕಿ ಭಾವ. ಮಂಚದ ಕೆಳಗಿದಾಳೆ ನನ್ನ ಸವತಿ."

ಎಳೆದರೆ ತಗಡಿನ ಬಕೆಟ್ಟು. ಒದ್ದೆ ಬಟ್ಟೆ ಸರಿಸಿದೆ. ತಾಯಿಹಿಟ್ಟು ಬುಳುಬುಳು ಗುಳ್ಳೆಯೆದ್ದು ಉಸಿರಾಡುತ್ತಿತ್ತು.

"ಅಲ್ಲೇ ಬಿಟ್ಟಿದ್ರೆ ಸಾಯ್ತಿತ್ತು. ಉಣಿಸೋರು ಯಾರು?" ಅಂದ ಕಣ್ಮುಚ್ಚಣ್ಣ. ಮಡಿಲಲ್ಲಿ ಚಿಕ್ಕ ಮಗಳ ಅರ್ಧ ಹೆಣೆದ ಜಡೆ.

"ಮಕ್ಕಳ ಪಾಲಿನ ಹಿಟ್ಟು ಅದಕ್ಕೆ ಮೊದಲ ತುತ್ತು," ಎಂದಳು ಹೆಂಡತಿ. "ನಾವು ತಿನ್ನೋದು ಉಳಿದ್ರೆ. ಇವರ ದೇವರಿಗೆ ಹೊಟ್ಟೆ ಇಲ್ಲ, ಬಕೆಟ್ಟಿಗಿದೆ."

ಉದ್ದಣ್ಣ ತೊಡೆ ತಟ್ಟಿ ನಕ್ಕ. ಮಾಲೀಕರು ಹೊರಗಿನ ಕೂಲಿಯವರನ್ನು ತಂದು ಸುಡಿಸಿದ ಬ್ರೆಡ್ಡನ್ನು ನಾಯಿಯೂ ಮೂಸದಿದ್ದದ್ದು ಯಾಕೆಂದು ಈಗ ತಿಳಿಯಿತು. "ಲೇ, ಮಾಲೀಕನ ಕುತ್ತಿಗೇನೇ ಬಕೆಟ್ಟಲ್ಲಿಟ್ಕೊಂಡು ಕೂತಿದೀಯಲ್ಲೋ! ಕದ್ದದ್ದು ಒಳ್ಳೇದಾಯ್ತು!"

"ಕದ್ದಿಲ್ಲ. ನನ್ನ ಹತ್ರ ಇದೆ, ಎಲ್ಲರೂ ಒಳಗೆ ಬಂದ ದಿನ ತರ್ತೀನಿ ಅಂತ ಅವರಿಗೆ ಹೇಳಿದೀನಿ. ಬದುಕಿದೆಯೋ ಇಲ್ವೋ ಅಂತ ದಿನಾ ಕರೆಸಿ ಕೇಳ್ತಾರೆ."

ನನ್ನ ಕಿವಿ ನೆಟ್ಟಗಾಯಿತು. "ಅಷ್ಟೇ ಕೇಳ್ತಾರಾ?"

"ಸಭೇಲಿ ಏನಾಯ್ತು ಅಂತಾನೂ ಕೇಳ್ತಾರೆ."

"ನೀನು?"

"ಸುಳ್ಳು ಹೇಳಲ್ಲ ಅಂತ ದೇವರ ಮುಂದೆ ಮಾತು ಕೊಟ್ಟಿದೀನಿ ಅಣ್ಣಾ. ಆಗಿದ್ದನ್ನ ಹೇಳ್ದೆ."

ಮಾಲೀಕರನ್ನು ಕಟ್ಟಿಹಾಕಿದವನೂ ಇವನೇ, ನಮ್ಮನ್ನು ಬಿಚ್ಚಿಟ್ಟವನೂ ಇವನೇ. ಉದ್ದಣ್ಣ ಕೈ ಎತ್ತಿದ; ನಾನು ತಡೆದೆ. ಕರುಣೆಯಿಂದಲ್ಲ. ಒಂದು ಲೆಕ್ಕ ಹೊಳೆದಿತ್ತು: ಈ ಊರಿನಲ್ಲಿ ಯಾರ ಮಾತು ನಂಬದಿದ್ದರೂ ಮಾಲೀಕರು ಇವನ ಮಾತು ನಂಬುತ್ತಾರೆ.

ಅವನನ್ನು ಕಿತ್ತುಹಾಕುವ ಮಾತನ್ನು ಆ ಸಂಜೆ ಸಭೆಯಲ್ಲಿ ನಾನೇ ಮುಚ್ಚಿಹಾಕಿದೆ. ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗಂಟಲು ಹರಿದುಕೊಂಡೆ: "ಹಿಟ್ಟಿನ ಲಾರಿಯವರು ಸೋಮವಾರದಿಂದ ನಮ್ಮ ಜೊತೆ! ಒಂದು ಚೀಲಾನೂ ಊರೊಳಗೆ ಬರಲ್ಲ!" ಲಾರಿಯವರ ಹತ್ತಿರ ನಾವು ಬೀಡಿ ಕೇಳಿದ್ದೂ ಇರಲಿಲ್ಲ. ಗುಟ್ಟು ಬಲ್ಲವನು ಉದ್ದಣ್ಣ ಒಬ್ಬನೇ. ಅವನು ಕೆಮ್ಮು ಬಂದವನಂತೆ ಬಾಯಿಗೆ ಟವೆಲು ತುರುಕಿಕೊಂಡ. ಮುಂದಿನ ಸಾಲಿನಲ್ಲಿ ಕಣ್ಮುಚ್ಚಣ್ಣ ನನ್ನ ಮುಖವನ್ನೇ ನೋಡುತ್ತಿದ್ದ, ಕಣ್ಣು ತೆರೆದು.

ಸೋಮವಾರಕ್ಕೆ ಮೊದಲೇ ಮಾಲೀಕರು ಮಾತುಕತೆಗೆ ಕರೆದರು. ವಾರದ ರಜೆ ವಾಪಸ್ ಬಂತು. ಎಲ್ಲರೂ ಗೇಟಿನೊಳಗೆ ಹೋದ ಮೇಲೆ ಕೊನೆಯಲ್ಲಿ ಅವನು ಬಂದ, ತಲೆಯ ಮೇಲೆ ಬಕೆಟ್ಟು, ಹಿಂದೆ ಬಿಳಿತಲೆಯ ಮೂವರು ಮಕ್ಕಳು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ತೊಟ್ಟಿಯ ಹತ್ತಿರ ಅವನೊಬ್ಬನೇ ಸಿಕ್ಕಾಗ ಕೇಳಿದೆ: "ಏನಂತ ಹೇಳ್ದೆ ಮಾಲೀಕರಿಗೆ?"

"ನೀವು ಸಭೇಲಿ ಆಡಿದ ಮಾತು. ಒಂದಕ್ಷರ ಕೂಡಿಸ್ಲಿಲ್ಲ, ಕಳೀಲಿಲ್ಲ."

"ನಂಬಿದ್ರಾ?"

"ನಿಜಾನಾ ಅಂತ ಅವರು ಕೇಳ್ಲೇ ಇಲ್ಲ ಅಣ್ಣಾ." ಬಟ್ಟೆ ಸರಿಸಿ ಹಿಟ್ಟಿಗೆ ಬೆರಳೊತ್ತಿ ನೋಡಿದ. "ಕೇಳಿದ್ರೆ ಕಷ್ಟ ಆಗ್ತಿತ್ತು."

ಆಮೇಲೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಮೊಣಕೈವರೆಗೂ ತೊಟ್ಟಿಗಿಳಿದ. ಆವತ್ತು ಅವನು ಬೇಡಿಕೊಂಡದ್ದು ಏನನ್ನು, ಯಾರಿಗಾಗಿ? ಅಷ್ಟು ವರ್ಷ ಜೊತೆಗೆ ದುಡಿದರೂ ನಾನು ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದ.