ಬಚ್ಚಲುಮನೆಯ ಚಿಲಕ

ತೊಂಬತ್ತರ ದಶಕದಲ್ಲಿ ವಿಮಾನಪುರದ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ಮೋಹಿನಿ ಬಂದು ಬಾಗಿಲು ತಟ್ಟುತ್ತಾಳೆ, ಇದನ್ನು ಓದಿ ವಾಪಸು ಹೋಗುತ್ತಾಳೆ, ಮರುದಿನವೂ ಅದನ್ನೇ ಓದಿ ಹೋಗುತ್ತಾಳೆ ಎಂಬ ಪುಕಾರು. ಸುದ್ದಿ ಕಿವಿಗೆ ಬಿದ್ದ ಸಂಜೆಯೇ ನನ್ನ ಗಂಡ ಸೀಮೆಸುಣ್ಣ ತಂದು ನಮ್ಮ ಬಾಗಿಲ ಮೇಲೂ ಬರೆದರು. ಆ ಮಹಾನುಭಾವರು ತಡಮಾಡದೆ ಮಾಡಿದ ಕೆಲಸ ನಾನು ಕಂಡದ್ದು ಅದೊಂದೇ.

ಅಷ್ಟು ಹೊತ್ತಿಗೆ ನಮ್ಮ ಬಚ್ಚಲುಮನೆಯ ಚಿಲಕ ಕಿತ್ತುಹೋಗಿ ತಿಂಗಳುಗಳಾಗಿದ್ದವು. ಮನೆಯಲ್ಲಿ ಮಾವ, ಜೊತೆಗೆ ಮೈದುನ. ನಾನು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು, ಒಳಗೆ ಯಾರೋ ಇದ್ದಾರೆ ಎಂದು ಗೊತ್ತಾಗಲೆಂದು ದೇವರನಾಮ ಹಾಡುತ್ತಾ ಸ್ನಾನ ಮಾಡಬೇಕಿತ್ತು. ಮಾವ “ಸೊಸೆಗೆ ಎಷ್ಟು ಭಕ್ತಿ ನೋಡು” ಎಂದು ಮೆಚ್ಚಿಕೊಂಡಾಗ ಮೈಯೆಲ್ಲ ಉರಿಯುತ್ತಿತ್ತು. ಭಕ್ತಿಯಂತೆ, ನನ್ನ ಕರ್ಮ!

“ರೀ, ಚಿಲಕ?” ಎಂದರೆ “ನಾಳೆ ಹಾಕ್ತೀನಿ ಕಣೇ.” ಅಮಾವಾಸ್ಯೆ ಕಳೀಲಿ ಎಂದದ್ದೂ ಉಂಟು. ಚಿಲಕಕ್ಕೆ ಎಂಥಾ ಅಮಾವಾಸ್ಯೆ!

ಅವರು ಸೋಮಾರಿಯಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗ ಮಾಡುವಾಗ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಕೈ ಅದು. ನಮ್ಮ ಬಾಗಿಲ ಚೌಕಟ್ಟೋ ನೀರು ಕುಡಿದು ಉಬ್ಬಿತ್ತು. ಚಿಲಕ ಸೊಟ್ಟಗೇ ಕೂರುತ್ತದೆಂದು ಅವರಿಗೆ ಗೊತ್ತಿತ್ತು. ಸೊಟ್ಟ ಕೆಲಸ ಮಾಡಿ ಹೆಸರು ಕೆಡಿಸಿಕೊಳ್ಳುವುದಕ್ಕಿಂತ ಮಾಡದೆ ಬೈಸಿಕೊಳ್ಳುವುದೇ ಅವರಿಗೆ ಸುಲಭ. ಅವರ ಮರ್ಯಾದೆ ಉಳಿಯಿತು, ನನ್ನದು ಬಕೆಟ್ಟಿನ ಭರವಸೆಯಲ್ಲಿತ್ತು.

ಒಂದು ಬೆಳಿಗ್ಗೆ ನನಗೆ ಗಂಟಲು ಕಟ್ಟಿತ್ತು, ಹಾಡಲಿಲ್ಲ. ಮೈದುನ ನಿದ್ದೆಗಣ್ಣಿನಲ್ಲಿ ಬಾಗಿಲು ನೂಕಿದ. ಬಕೆಟ್ ಉರುಳಿತು. “ಅಯ್ಯೋ ಅತ್ಗೆ!” ಎಂದು ಓಡಿದವನು ತಿಂಡಿಯನ್ನೂ ತಿನ್ನದೆ ಮನೆಯಿಂದ ಹೊರಟುಹೋದ. ನಾನು ನಾಚಿಕೆಯಿಂದ ಸತ್ತೇಹೋಗಿದ್ದೆ. ಗಂಡ ಮಾತ್ರ ಷೂ ಲೇಸ್ ಕಟ್ಟಿಕೊಳ್ಳುತ್ತಾ “ನಾಳೆ ಗ್ಯಾರಂಟಿ” ಎಂದರು.

“ನಾನೇನು ಮೋಹಿನೀನಾ, ದಿನಾ ನಾಳೆ ಬಾ ಅನ್ನಕ್ಕೆ?” ಕಟ್ಟಿದ ಗಂಟಲಲ್ಲೇ ಕಿರುಚಿದೆ.

ಅವರು ಡ್ಯೂಟಿಗೆ ಹೋದ ಮೇಲೆ ಹಲಸೂರಿಗೆ ಹೋಗಿ ಚಿಲಕ ತಂದೆ. ಬಾಗಿಲ ಮುಂದೆ ನಿಂತರೆ ನನಗೂ ಕೈ ಏಳಲಿಲ್ಲ. ಒಂದು ಮೊಳೆ ಹೊಡೆದು ನೋಡೋಣ, ಮಿಕ್ಕಿದ್ದು ಆಮೇಲೆ ಅಂದುಕೊಂಡೆ. ಅದು ಕೂತ ಮೇಲೆ ಮುಂದಿನದಕ್ಕೆ ಅಷ್ಟು ಹೆದರಿಕೆಯಾಗಲಿಲ್ಲ. ಚಿಲಕ ಸೊಟ್ಟಗೇ ಕೂತಿತು, ಆದರೆ ಬಿಗಿಯಾಗಿತ್ತು.

ಸಂಜೆ ಗಂಡ ಬಂದು ನೋಡಿ ಮುಖ ಹುಳ್ಳಗೆ ಮಾಡಿದರು. “ಏನೇ ಇದು, ಇಷ್ಟು ಸೊಟ್ಟ! ತಾಳು, ಬಿಚ್ಚಿ ಸರಿಯಾಗಿ ಹಾಕ್ಬಿಡ್ತೀನಿ, ಈಗ್ಲೇ.”

ಅವರು ಮೊಳೆ ಕೀಳಲು ಇಕ್ಕಳ ತರಲು ಹೋದಾಗ ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

“ಬಾಗಿಲು ತೆಗಿಯೇ!” ಎಂದು ತಟ್ಟಿದರು.

“ನಾಳೆ ಬನ್ನಿ” ಎಂದು ಹೇಳಿ, ಹಾಡದೆ ಸ್ನಾನ ಮಾಡಿದೆ.